ಹಿತ್ತಲಿನಿಂದ ಗದ್ದೆಗೆ: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶುಂಠಿ ಮತ್ತು ಜನಪದ ಆರೋಗ್ಯ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಕೈಗೆಟಕುವಷ್ಟು ಹತ್ತಿರವಿರುವುದರ ಬೆಲೆಯನ್ನು ಮನುಷ್ಯ ಅರಿಯನೆಂಬುದು ಅದರ ವ್ಯಂಗ್ಯ. ಆದರೆ ಮಲೆನಾಡಿನ ಮನೆಗಳ ದಿನಚರಿಯನ್ನು ಗಮನಿಸಿದರೆ ಈ ಗಾದೆಗೆ ವಿರುದ್ಧವಾದ ಸಂಗತಿಯೇ ಎದ್ದು ಕಾಣುತ್ತದೆ. ಇಲ್ಲಿ ನೆಗಡಿಗೆ, ಅಜೀರ್ಣಕ್ಕೆ, ಮೈಮೇಲೆ ಎದ್ದ ಗಂದೆಗೆ, ಹೆರಿಗೆಯಾದ ಹೆಣ್ಣಿನ ಆರೈಕೆಗೆ ಮೊದಲು ಕೈ ಹೋಗುವುದು ಹಿತ್ತಲಿಗೇ. ಆ ಹಿತ್ತಲ ಗಿಡಗಳಲ್ಲಿ ಶುಂಠಿಯದು ಅಗ್ರಸ್ಥಾನ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಶುಂಠಿಗೆ ಎರಡು ನೆಲೆಗಳಿವೆ. ಒಂದು, ಮನೆಯ ಹಿಂದಿನ ಬಚ್ಚಲ ನೀರು ಹರಿಯುವ ಕಡೆಯ ಪುಟ್ಟ ಮಡಿ. ಇನ್ನೊಂದು, ಎಕರೆಗಟ್ಟಲೆ ಹರಡಿದ ವಾಣಿಜ್ಯ ಬೆಳೆಯ ಗದ್ದೆ. ಮೊದಲನೆಯದು ಹೆಂಗಸರ ಕೈಯಲ್ಲಿದ್ದ ಮದ್ದು. ಎರಡನೆಯದು ಮಾರುಕಟ್ಟೆಯ ಸರಕು. ಇವೆರಡರ ನಡುವಣ ದೂರವನ್ನು ಅರಿಯದೆ ಶುಂಠಿಯ ಆರೋಗ್ಯಗುಣಗಳನ್ನು ಕುರಿತ ಚರ್ಚೆ ಪೂರ್ಣವಾಗದು. ಜನಪದರು ಶುಂಠಿಯನ್ನು ಮದ್ದೆಂದು ಬಲ್ಲವರು ಮಾತ್ರವಲ್ಲ, ಅದರ ಮಿತಿಯನ್ನೂ ಬಲ್ಲವರು. ಇಂದು ಮರೆಯಾಗುತ್ತಿರುವುದು ಶುಂಠಿಯಲ್ಲ, ಆ ಮಿತಿಯ ತಿಳಿವಳಿಕೆ ಎಂಬುದು ಈ ಪ್ರಬಂಧದ ಪ್ರತಿಪಾದನೆ.

ಸೀಮೆಯ ಹಿನ್ನೆಲೆ

ಈ ಮೂರು ತಾಲ್ಲೂಕುಗಳನ್ನು ಬೆಸೆದಿರುವುದು ಒಂದು ನದಿ ಮತ್ತು ಒಂದು ಅರಸುಮನೆತನ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಜೋಗದಲ್ಲಿ ಧುಮುಕುತ್ತದೆ. ಕೆಳದಿಯ ನಾಯಕರ ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿಯೂ, ಅನಂತರದ ರಾಜಧಾನಿ ಬಿದನೂರು ಅಥವಾ ನಗರ ಹೊಸನಗರ ತಾಲ್ಲೂಕಿನಲ್ಲಿಯೂ, ಅವರ ಬಲವಾದ ಕೋಟೆ ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಇವೆ. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗುವವರೆಗೂ ಮೆಣಸು, ಅಡಿಕೆ, ಅಕ್ಕಿಗಳು ಘಟ್ಟದ ದಾರಿಗಳಲ್ಲಿ ಇಳಿದು ಕರಾವಳಿಯ ಬಂದರುಗಳನ್ನು ಸೇರುತ್ತಿದ್ದವು.

ಸಂಬಾರ ಪದಾರ್ಥಗಳ ಈ ನಾಡಿನಲ್ಲಿ ಮೆಣಸಿಗೆ ದೊರೆತ ರಾಜಮರ್ಯಾದೆ ಶುಂಠಿಗೆ ದೊರೆಯಲಿಲ್ಲ. ಮೆಣಸು ಅರಮನೆಯ ಬೊಕ್ಕಸಕ್ಕೆ ಸೇರಿದ ಸರಕು; ಶುಂಠಿ ಮನೆಬಳಕೆಯ ವಸ್ತು. ಇತಿಹಾಸದ ದಾಖಲೆಗಳಲ್ಲಿ ಮೆಣಸಿಗೆ ಸಿಗುವಷ್ಟು ಸ್ಥಳ ಶುಂಠಿಗೆ ಸಿಗದಿರಲು ಇದೇ ಕಾರಣವೆನ್ನಬಹುದು. ಶುಂಠಿಯ ಇತಿಹಾಸವನ್ನು ಕಡತಗಳಿಗಿಂತ ಮಿಗಿಲಾಗಿ ಅಡುಗೆಮನೆ, ಬಚ್ಚಲುಮನೆ ಮತ್ತು ಬಾಣಂತಿಕೋಣೆಗಳಲ್ಲಿ ಹುಡುಕಬೇಕಾಗುತ್ತದೆ.

ಈ ಭಾಗದ ಮಳೆಯ ಸ್ವರೂಪವೂ ಗಮನಾರ್ಹ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಮೃಗಶಿರದಿಂದ ಮಘೆಯವರೆಗೆ ಬಟ್ಟೆ ಒಣಗದ, ಮೈ ಬೆಚ್ಚಗಾಗದ ದಿನಗಳು. ಜಠರಾಗ್ನಿ ಮಂದವಾಗುವುದು, ಕೆಮ್ಮು-ಕಫ, ಕೆಸರಿನಲ್ಲಿ ನಿಂತು ನಾಟಿ ಮಾಡಿದವರ ಕಾಲ್ಬೆರಳ ಸಂದಿಗಳಲ್ಲಿ ಕೆಸರುಹುಣ್ಣು, ಉಂಬಳ ಕಚ್ಚಿದ ಕಡೆ ತುರಿಕೆ ಇವೆಲ್ಲ ಮಳೆಗಾಲದ ಸಂಗಾತಿಗಳು. ಇಲ್ಲಿನ ಆಹಾರದಲ್ಲಿಯೂ ಮನೆಮದ್ದಿನಲ್ಲಿಯೂ ಶುಂಠಿ, ಮೆಣಸು, ಜೀರಿಗೆಗಳಿಗೆ ಪ್ರಾಧಾನ್ಯ ದೊರೆತಿರುವುದು ಈ ಹವೆಗೆ ಜನಪದರು ಕಂಡುಕೊಂಡ ಉತ್ತರವಾಗಿದೆ.

ಹೆಸರು ಮತ್ತು ಗ್ರಂಥಪರಂಪರೆ

ಶುಂಠಿಗೆ ಸಂಸ್ಕೃತದಲ್ಲಿ ಎರಡು ಬಗೆಯ ಹೆಸರುಗಳಿವೆ. ಹಸಿಯಾಗಿದ್ದಾಗ ಅದು ‘ಆರ್ದ್ರಕ’, ಒಣಗಿದಾಗ ‘ಶುಂಠಿ’. ಆರ್ದ್ರವೆಂದರೆ ಒದ್ದೆ, ಜೂನ್ ಕೊನೆಯಲ್ಲಿ ಸುರಿಯುವ ಆರಿದ್ರಾ ಮಳೆಯ ಹೆಸರಿನಲ್ಲಿರುವುದೂ ಇದೇ ಪದ. ಒಣಶುಂಠಿಗೆ ‘ವಿಶ್ವಭೇಷಜ’, ‘ಮಹೌಷಧ’, ‘ನಾಗರ’ ಎಂಬ ಹೆಸರುಗಳೂ ಉಂಟು. ಇನ್ನೊಂದು ಹೆಸರಾದ ‘ಶೃಂಗವೇರ’ದ ಮೂಲದಲ್ಲಿ ದ್ರಾವಿಡದ ‘ಇಂಚಿ’ ಮತ್ತು ‘ವೇರ್’ (ಬೇರು) ಎಂಬ ಪದಗಳಿವೆಯೆಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಗ್ರೀಕ್ ಮತ್ತು ಲ್ಯಾಟಿನ್‌ಗಳ ಮೂಲಕ ಸಾಗಿ ಇಂಗ್ಲಿಷಿನ ‘ಜಿಂಜರ್’ ಆದದ್ದೂ ಇದೇ ಪದ. ಉತ್ತರ ಕರ್ನಾಟಕದಲ್ಲಿ ಹಸಿಶುಂಠಿಗೆ ‘ಅಲ್ಲ’ ಎಂಬ ಹೆಸರಿದೆ. ಮಲೆನಾಡಿನಲ್ಲಿ ಹಸಿಯದೂ ಒಣಗಿದ್ದೂ ಶುಂಠಿಯೇ ಆದರೂ ‘ಹಸಿಶುಂಠಿ’, ‘ಒಣಶುಂಠಿ’ ಎಂಬ ಭೇದವನ್ನು ಮದ್ದಿನ ಮಾತು ಬಂದಾಗ ಯಾರೂ ಮರೆಯುವುದಿಲ್ಲ. ಎರಡರ ಗುಣವೂ ಬೇರೆ, ಬಳಕೆಯೂ ಬೇರೆ.

ಅಡುಗೆ ಮತ್ತು ಔಷಧಗಳನ್ನು ಒಂದೇ ಗ್ರಂಥದಲ್ಲಿ ನಿರೂಪಿಸುವ ಕ್ರಮ ಕರ್ನಾಟಕದಲ್ಲಿ ಹಳೆಯದು. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಇದಕ್ಕೆ ನಿದರ್ಶನ. ಕೆಳದಿಯ ಅರಸ ಬಸವಪ್ಪ ನಾಯಕನು 18ನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ ವಿಶ್ವಕೋಶಸದೃಶ ಕೃತಿ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಶಾಸ್ತ್ರ ಮತ್ತು ವೈದ್ಯ ಅಕ್ಕಪಕ್ಕದಲ್ಲಿವೆ. ರಾಜಾಶ್ರಯದ ಪಂಡಿತರು ಗ್ರಂಥಸ್ಥಗೊಳಿಸಿದ ಈ ಜೋಡಣೆಯನ್ನು ಅದೇ ಸೀಮೆಯ ಹೆಂಗಸರು ಬರಹದ ನೆರವಿಲ್ಲದೆ ಬದುಕಿನಲ್ಲಿ ನಡೆಸಿಕೊಂಡು ಬಂದಿದ್ದಾರೆ.

16ನೆಯ ಶತಮಾನದ ಭಾವಮಿಶ್ರನ ‘ಭಾವಪ್ರಕಾಶ’ವು ಊಟಕ್ಕೆ ಮೊದಲು ಉಪ್ಪಿನೊಡನೆ ಹಸಿಶುಂಠಿ ತಿನ್ನುವುದನ್ನು ಹೊಗಳುತ್ತದೆ. ಅದೇ ಗ್ರಂಥವು ಕುಷ್ಠ, ಅಂದರೆ ಚರ್ಮರೋಗ, ರಕ್ತಪಿತ್ತ, ಹುಣ್ಣು, ಜ್ವರ, ಉರಿ ಇವುಗಳಲ್ಲಿಯೂ ಬೇಸಿಗೆ ಮತ್ತು ಶರದೃತುವಿನಲ್ಲಿಯೂ ಹಸಿಶುಂಠಿ ಒಳ್ಳೆಯದಲ್ಲವೆಂದು ಎಚ್ಚರಿಸುತ್ತದೆ. ಹೊಗಳಿಕೆಯ ಬೆನ್ನಿಗೇ ಬರುವ ಈ ನಿಷೇಧ ಅತ್ಯಂತ ಮಹತ್ವದ್ದು. ಶುಂಠಿಯನ್ನು ಸರ್ವರೋಗಕ್ಕೂ ಮದ್ದೆಂದು ಸಾರುವ ಇಂದಿನ ಪ್ರಚಾರಗಳಲ್ಲಿ ಹೊಗಳಿಕೆ ಮಾತ್ರ ಉಳಿದು ನಿಷೇಧ ಬಿದ್ದುಹೋಗಿದೆ.

ಹಿತ್ತಲು ಮತ್ತು ಅಟ್ಟ

ನಾಟಿವೈದ್ಯರ ಮದ್ದಿಗೆ ಗುಟ್ಟೊಂದಿರುತ್ತದೆ. ಬೇರನ್ನು ಕೀಳುವ ಹೊತ್ತು, ಮದ್ದಿನ ಹೆಸರು ಹೇಳಬಾರದೆಂಬ ಕಟ್ಟಳೆ, ತಂದೆಯಿಂದ ಮಗನಿಗೆ ಮಾತ್ರ ಹರಿದುಬರುವ ವಿದ್ಯೆ ಇವು ಅದರ ಲಕ್ಷಣಗಳು. ಶುಂಠಿಗೆ ಅಂಥ ಗುಟ್ಟಿಲ್ಲ. ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ, ನೆರೆಮನೆಯಿಂದ ನೆರೆಮನೆಗೆ ಬಹಿರಂಗವಾಗಿ ಹರಿದ ತಿಳಿವಳಿಕೆ ಇದು. ಹವ್ಯಕರು, ದೀವರು, ಒಕ್ಕಲಿಗರು, ಲಿಂಗಾಯತರು, ಹಸಲರು ಹೀಗೆ ಜಾತಿಭೇದವಿಲ್ಲದೆ ಎಲ್ಲರ ಮನೆಯಲ್ಲೂ ಇದು ಬಳಕೆಯಲ್ಲಿರುವುದು ಕಂಡುಬರುತ್ತದೆ.

ಹಿತ್ತಲ ಶುಂಠಿಯ ಕೃಷಿಕ್ರಮ ಸರಳವಾದುದು. ಮುಂಗಾರಿಗೆ ಮುನ್ನ ಬೀಳುವ ಮಳೆಗೆ ಗಡ್ಡೆಯ ಮೊಳಕೆಯೊಡೆದ ತುಂಡುಗಳನ್ನು ಊರಿ, ಮೇಲೆ ಹಸಿಸೊಪ್ಪು, ದರಗು ಹೊದಿಸುತ್ತಾರೆ. ಎಂಟು-ಹತ್ತು ತಿಂಗಳಲ್ಲಿ ಎಲೆ ಹಳದಿಯಾಗಿ ಒಣಗಿದಾಗ ಗಡ್ಡೆ ಬಲಿತಿರುತ್ತದೆ. ಮುಂದಿನ ವರ್ಷದ ಬೀಜಕ್ಕೆ ಬೇಕಾದಷ್ಟನ್ನು ತಂಪಾದ ಕಡೆ ಮರಳು ಅಥವಾ ಒಣಗಿದ ಎಲೆಗಳ ನಡುವೆ ಇರಿಸಿ, ಉಳಿದುದರಲ್ಲಿ ಸ್ವಲ್ಪವನ್ನು ಸಿಪ್ಪೆ ಹೆರೆದು ಬಿಸಿಲಿಗಿಟ್ಟು, ಒಲೆಯ ಮೇಲಿನ ಅಟ್ಟದಲ್ಲಿ ಕಾಪಿಡುತ್ತಾರೆ. ಒಮ್ಮೆ ಶುಂಠಿ ಬೆಳೆದ ಜಾಗದಲ್ಲಿ ಮರುವರ್ಷ ಅದನ್ನು ಹಾಕುವುದಿಲ್ಲ. ಹಾಕಿದರೆ ಗಡ್ಡೆ ಕೊಳೆಯುತ್ತದೆ. ಪೈಥಿಯಂ ಶಿಲೀಂಧ್ರ, ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾಗಳಿಂದ ಬರುವ ರೋಗಗಳು ಮಣ್ಣಿನಲ್ಲಿ ಉಳಿಯುತ್ತವೆಂಬುದನ್ನು ಕೃಷಿವಿಜ್ಞಾನ ಹೇಳುತ್ತದೆ; ಹಿತ್ತಲಿನಲ್ಲಿ ಅದು ಮಡಿ ಬದಲಿಸುವ ರೂಢಿಯಾಗಿ ನೆಲೆಸಿದೆ.

ಅಡುಗೆಯೇ ಔಷಧ

ಈ ಸೀಮೆಯಲ್ಲಿ ಮದ್ದು ಮತ್ತು ಊಟದ ನಡುವಿನ ಗೆರೆ ತೆಳುವಾದುದು. ಶುಂಠಿಯನ್ನು ಕಾಯಿತುರಿ, ಜೀರಿಗೆ, ಮೆಣಸುಗಳೊಡನೆ ಬೀಸಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಅದು ಊಟದ ಮೊದಲ ಅನ್ನಕ್ಕೆ. ಜಜ್ಜಿದ ಶುಂಠಿ ಹಾಕಿದ ನೀರುಮಜ್ಜಿಗೆ ಊಟದ ಕೊನೆಗೆ. ರಾಮನವಮಿಯ ಬೆಲ್ಲದ ಪಾನಕಕ್ಕೆ ಒಣಶುಂಠಿ, ಮೆಣಸು, ಏಲಕ್ಕಿ ಬೀಳುತ್ತವೆ. ಮೀನು-ಮಾಂಸ ಉಣ್ಣುವ ಮನೆಗಳಲ್ಲಿ ಮೊದಲ ಮಳೆಯ ಹತ್ತುಮೀನು, ಗದ್ದೆಬಯಲಿನ ಏಡಿಯ ಸಾರುಗಳಿಗೆ ಶುಂಠಿ ಬೇಕೇ ಬೇಕು. ಜೀರ್ಣಕ್ಕೆ ಭಾರವಾದ ತಿನಿಸಿನ ಜೊತೆಯಲ್ಲೇ ಅದನ್ನು ಅರಗಿಸುವ ಪದಾರ್ಥವನ್ನೂ ಇಡುವ ವಿವೇಕ ಇಲ್ಲಿದೆ.

ಶುಂಠಿ, ಕೊತ್ತಂಬರಿ, ಜೀರಿಗೆ, ಮೆಣಸುಗಳನ್ನು ಬೆಲ್ಲದೊಡನೆ ಕುದಿಸಿದ ಕಷಾಯವನ್ನು ನೆಗಡಿ, ಗಂಟಲುನೋವುಗಳಲ್ಲಿ ಕೊಡುತ್ತಾರೆ. ತಲೆನೋವಿಗೆ ಒಣಶುಂಠಿಯನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇಯ್ದು ಹಣೆಗೆ ಹಚ್ಚುತ್ತಾರೆ. ಕೊಟ್ಟಿಗೆಯ ದನಕ್ಕೆ ಹೊಟ್ಟೆಯುಬ್ಬರ ಬಂದಾಗ ಶುಂಠಿ, ಮೆಣಸು, ಓಮಗಳನ್ನು ಅರೆದು ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಾರೆ. ಮನುಷ್ಯರಿಗೂ ದನಕ್ಕೂ ಒಂದೇ ಅಟ್ಟದ ಮದ್ದು.

ಅಳತೆಯ ಮಾತುಗಳು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿವೆ. ಬೆರಳ ಗಿಣ್ಣಿನಷ್ಟು, ಉಗುರಿನಷ್ಟು, ಒಂದು ಚಿಟಿಕೆ ಇವು ಮನೆಮದ್ದಿನ ಮಾನಗಳು. ಅಳೆಯುವ ಸಾಧನ ದೇಹವೇ ಆದುದರಿಂದ ಮಗುವಿಗೆ ಎಷ್ಟು, ದೊಡ್ಡವರಿಗೆ ಎಷ್ಟು ಎಂಬ ತಾರತಮ್ಯ ಸಹಜವಾಗಿಯೇ ಬಂದುಬಿಡುತ್ತದೆ. ‘ಹೆಚ್ಚಾದರೆ ಉಷ್ಣ’ ಎಂಬ ಎಚ್ಚರ ಪ್ರತಿಯೊಂದು ಕಷಾಯದ ಜೊತೆಗೂ ಕೇಳಿಬರುತ್ತದೆ. ಬೇಸಿಗೆಯಲ್ಲಿ ಶುಂಠಿ ಹಿಂದಕ್ಕೆ ಸರಿದು ಮುರುಗಲು, ಮಜ್ಜಿಗೆಗಳು ಮುಂದೆ ಬರುತ್ತವೆ. ಭಾವಪ್ರಕಾಶದ ಋತುನಿಷೇಧ ಈ ರೂಢಿಯಲ್ಲಿ ಸಹಜವಾಗಿ ಪಾಲನೆಯಾಗಿದೆ.

ಚರ್ಮದ ಆರೈಕೆ

ಚರ್ಮದ ವಿಷಯದಲ್ಲಿ ಈ ಪರಂಪರೆಯ ದೃಷ್ಟಿ ಸೌಂದರ್ಯವರ್ಧಕಗಳ ಜಾಹೀರಾತಿನ ದೃಷ್ಟಿಗಿಂತ ಭಿನ್ನವಾದುದು. ಮೈಮೇಲೆ ಏಳುವ ಗಂದೆ, ತುರಿಕೆಗಳನ್ನು ಜನಪದರು ಹೊಟ್ಟೆಯ ದೋಷದ ಹೊರರೂಪವೆಂದೇ ಭಾವಿಸಿದ್ದಾರೆ. ‘ಪಿತ್ತದ ಗಂದೆ’ ಎಂಬ ಹೆಸರಿನಲ್ಲೇ ಕಾರಣವೂ ಅಡಗಿದೆ. ಆದ್ದರಿಂದ ಇಲ್ಲಿ ಶುಂಠಿಯನ್ನು ಚರ್ಮಕ್ಕೆ ಹಚ್ಚುವುದಕ್ಕಿಂತ ಹೊಟ್ಟೆಗೆ ಕೊಡುವುದೇ ಹೆಚ್ಚು. ಗಂದೆ ಎದ್ದಾಗ ಚೂರು ಶುಂಠಿಯನ್ನು ಬೆಲ್ಲದೊಡನೆ ತಿನ್ನಿಸುವ ರೂಢಿ ಇದೆ. ಮುರುಗಲ ನೀರನ್ನು ಕುಡಿಸುವುದೂ ಮೈಗೆ ಸವರುವುದೂ ಇದೆ. ಆಯುರ್ವೇದದ ‘ಭೈಷಜ್ಯರತ್ನಾವಳಿ’ಯು ಶೀತಪಿತ್ತವೆಂಬ ಗಂದೆಯ ರೋಗಕ್ಕೆ ಹಸಿಶುಂಠಿ ಪ್ರಧಾನವಾದ ‘ಆರ್ದ್ರಕಖಂಡ’ವೆಂಬ ಪಾಕವನ್ನು ಹೇಳಿರುವುದು ಈ ರೂಢಿಗೆ ಹತ್ತಿರವಾದ ಸಂಗತಿ.

ಚರ್ಮಕ್ಕೆ ನೇರವಾಗಿ ಹಚ್ಚುವ ಕೆಲಸ ಬಂದಾಗ ಜನಪದರ ಆಯ್ಕೆ ಅರಿಸಿನ ಮತ್ತು ಎಣ್ಣೆ. ಒಂದೇ ಕುಟುಂಬದ ಎರಡು ಗಡ್ಡೆಗಳಲ್ಲಿ ಖಾರವಿಲ್ಲದ್ದನ್ನು ಮೈಗೂ ಖಾರದ್ದನ್ನು ಹೊಟ್ಟೆಗೂ ಮೀಸಲಿರಿಸಿದ ವಿಂಗಡಣೆ ಅರ್ಥಪೂರ್ಣವಾಗಿದೆ. ಹುಣ್ಣು, ಗಾಯಗಳ ಮೇಲೆ ಶುಂಠಿಯ ರಸ ಹಾಕಿದರೆ ಉರಿಯುತ್ತದೆಂಬುದು ಅನುಭವದಿಂದ ಬಂದ ಪಾಠ.

ಬಾಣಂತಿ ಮತ್ತು ಭೂಮಿ

ಒಣಶುಂಠಿಯ ಮುಖ್ಯ ನೆಲೆ ಬಾಣಂತಿಕೋಣೆ. ಒಣಶುಂಠಿ, ಮೆಣಸು, ಹಿಪ್ಪಲಿ ಇವು ಮೂರೂ ಸೇರಿದರೆ ಆಯುರ್ವೇದದ ತ್ರಿಕಟು. ಇವನ್ನು ಹುರಿದು ಪುಡಿಮಾಡಿ ಬೆಲ್ಲ, ತುಪ್ಪಗಳೊಡನೆ ಪಾಕವಿಳಿಸಿದ ಲೇಹ್ಯವನ್ನು ಬಾಣಂತಿಗೆ ದಿನವೂ ನೆಲ್ಲಿಕಾಯಿ ಗಾತ್ರದಲ್ಲಿ ಕೊಡುವುದು, ಎಣ್ಣೆ-ಅರಿಸಿನ ತಿಕ್ಕಿ ಹಂಡೆಯ ಬಿಸಿನೀರನ್ನು ಎರೆಯುವುದು, ಬೆಚ್ಚಗೆ ಹೊದಿಸಿ ಮಲಗಿಸುವುದು ಇವೆಲ್ಲ ಒಂದೇ ಕ್ರಮದ ಅಂಗಗಳು. ಹೆರಿಗೆಯಲ್ಲಿ ಸವೆದ ದೇಹವನ್ನು ಮತ್ತೆ ಕಟ್ಟುವ ಈ ಕೆಲಸದಲ್ಲಿ ಮದ್ದಿನಷ್ಟೇ ಪ್ರಮುಖವಾದುದು ವಿಶ್ರಾಂತಿ ಮತ್ತು ಹಿರಿಯ ಹೆಂಗಸೊಬ್ಬಳ ಸತತ ಆರೈಕೆ. ಲೇಹ್ಯವನ್ನು ಮಾತ್ರ ಡಬ್ಬಿಯಲ್ಲಿ ಕೊಂಡು ತಂದರೆ ಈ ಪರಂಪರೆಯ ಒಂದು ಭಾಗ ಮಾತ್ರ ದೊರೆತಂತೆ.

ಇದೇ ಸೀಮೆಯ ಜನರು ಆಶ್ವಯುಜದ ಹುಣ್ಣಿಮೆಯಂದು ಭೂಮಿ ಹುಣ್ಣಿಮೆಯನ್ನು ಆಚರಿಸುತ್ತಾರೆ. ಬತ್ತದ ಪೈರು ಹೊಡೆಯಾಗಿರುವ ಆ ಹೊತ್ತಿನಲ್ಲಿ ಭೂಮಿ ಬಸುರಿಯೆಂಬುದು ನಂಬಿಕೆ. ದೀವರ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಕಡುಬು, ಸೊಪ್ಪು-ಕುಡಿಗಳ ಅಡುಗೆಯನ್ನು ತುಂಬಿಕೊಟ್ಟರೆ ಗಂಡಸರು ಅದನ್ನು ಗದ್ದೆಗೆ ಒಯ್ದು ಬೀರುತ್ತಾರೆ. ಬಸುರಿಯ ಬಯಕೆ ತೀರಿಸುವಂತೆಯೇ ನೆಲದ ಬಯಕೆಯನ್ನೂ ತೀರಿಸಬೇಕೆಂಬುದು ಇದರ ಆಶಯ. ಹೆಣ್ಣಿನ ದೇಹ ಮತ್ತು ಗದ್ದೆಯ ನೆಲ ಇವೆರಡಕ್ಕೂ ಒಂದೇ ಬಗೆಯ ಪಥ್ಯ, ಒಂದೇ ಬಗೆಯ ವಿಶ್ರಾಂತಿ ಬೇಕೆಂದು ತಿಳಿದ ಸಮಾಜವಿದು.

ವಿಜ್ಞಾನದ ಒರೆಗಲ್ಲು

ಶುಂಠಿಯ ಖಾರಕ್ಕೆ ಕಾರಣ ಜಿಂಜೆರಾಲ್ ಎಂಬ ಅಂಶ. ಗಡ್ಡೆ ಒಣಗಿದಾಗ ಇದು ಹೆಚ್ಚು ತೀಕ್ಷ್ಣವಾದ ಶೋಗೋಲ್ ಆಗಿ ಮಾರ್ಪಡುತ್ತದೆ. ಬೇಯಿಸಿದಾಗ ಸೌಮ್ಯವಾದ ಜಿಂಜೆರೋನ್ ಹುಟ್ಟುತ್ತದೆ. ಹಸಿಯದಕ್ಕೂ ಒಣಗಿದ್ದಕ್ಕೂ ಬೇರೆ ಬೇರೆ ಬಳಕೆ ಹೇಳಿದ ಪರಂಪರೆಯ ವಿವೇಕವನ್ನು ರಸಾಯನಶಾಸ್ತ್ರವು ತನ್ನ ದಾರಿಯಲ್ಲಿ ಸಮರ್ಥಿಸಿದೆ. ಬಸಿರಿನ ಮೊದಲ ತಿಂಗಳುಗಳ ವಾಕರಿಕೆಯನ್ನು ಶುಂಠಿ ತಗ್ಗಿಸುತ್ತದೆಂಬುದಕ್ಕೆ ವೈದ್ಯಕೀಯ ಪರೀಕ್ಷೆಗಳ ಆಧಾರವಿದೆ. ಕೀಲುನೋವಿನಲ್ಲಿ ಅಲ್ಪ ಉಪಶಮನ ಕಂಡುಬಂದಿದೆ. ಉರಿಯೂತವನ್ನು ತಗ್ಗಿಸುವ ಗುಣ ಪ್ರಯೋಗಾಲಯಗಳಲ್ಲಿ ಕಂಡಿದ್ದರೂ ಚರ್ಮದ ಕಾಂತಿ, ಮುಪ್ಪುಗಳ ವಿಷಯದಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗಳ ಆಧಾರ ತೀರ ಕಡಿಮೆ. ಹಸಿ ರಸವನ್ನು ನೇರವಾಗಿ ಹಚ್ಚಿದರೆ ಚರ್ಮ ಕೆರಳುವುದುಂಟು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಹೆಚ್ಚಿನ ಪ್ರಮಾಣದಲ್ಲಿ ಶುಂಠಿ ತಿನ್ನುವ ಮುನ್ನ ವೈದ್ಯರನ್ನು ಕೇಳಬೇಕು.

ಮನೆಮದ್ದಿಗೂ ಒಂದು ಎಲ್ಲೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳನ್ನೂ ಕಾಡಿದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಅದು ಹಲವರನ್ನು ಬಲಿ ತೆಗೆದುಕೊಂಡಿತು. ಉಣುಗು ಕಚ್ಚಿ ಬರುವ ಇಂಥ ಜ್ವರಕ್ಕೆ ಕಷಾಯ ಮದ್ದಲ್ಲ. ಕಷಾಯವನ್ನೇ ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಿದರೆ ಜೀವಕ್ಕೇ ಅಪಾಯ. ಪರಂಪರೆಯ ಗೌರವ ಅದರ ಎಲ್ಲೆಯನ್ನು ಅರಿಯುವುದರಲ್ಲಿಯೇ ಇದೆ.

ಗದ್ದೆಗೆ ಇಳಿದ ಶುಂಠಿ

ಈ ನೆಲಕ್ಕೆ ಹೋರಾಟದ ಇತಿಹಾಸವೊಂದಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಎದ್ದು ನಿಂತದ್ದು ಅಳತೆಯ ಪ್ರಶ್ನೆಗಾಗಿಯೇ. ಗೇಣಿಯ ಬತ್ತವನ್ನು ಅಳೆಯುವ ಕೊಳಗ ನ್ಯಾಯವಾಗಿರಬೇಕೆಂಬುದು ಅವರ ಕೇಳಿಕೆಯಾಗಿತ್ತು. ರಾಮಮನೋಹರ ಲೋಹಿಯಾ ಅವರನ್ನೂ ಸೆಳೆದ ಆ ಸತ್ಯಾಗ್ರಹದ ಬಳಿಕ, 1974ರ ಭೂಸುಧಾರಣೆಯು ಉಳುವವನನ್ನೇ ಹೊಲದೊಡೆಯನನ್ನಾಗಿಸಿ ಗೇಣಿಪದ್ಧತಿಯನ್ನು ನಿಷೇಧಿಸಿತು. ಇನ್ನೊಂದೆಡೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾಗರ, ಹೊಸನಗರಗಳ ಅನೇಕ ಊರುಗಳು ಮುಳುಗಿದವು. ಮನೆ-ಗದ್ದೆಗಳೊಡನೆ ಹಿತ್ತಲುಗಳೂ ಮುಳುಗಿದುದು ಪರಿಹಾರದ ಲೆಕ್ಕಕ್ಕೆ ಸಿಗದ ನಷ್ಟ.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೇರಳದ, ವಿಶೇಷವಾಗಿ ವಯನಾಡಿನ ಬೆಳೆಗಾರರು ಕರ್ನಾಟಕದ ಕೊಡಗು, ಮೈಸೂರು, ಹಾಸನ, ಶಿವಮೊಗ್ಗ ಜಿಲ್ಲೆಗಳಿಗೆ ಶುಂಠಿಯನ್ನು ವಾಣಿಜ್ಯ ಬೆಳೆಯಾಗಿ ಹಬ್ಬಿಸಿದರು. ಸ್ಥಳೀಯ ರೈತರೂ ಅದನ್ನು ಕಲಿತರು. ಶುಂಠಿ ಒಂದೇ ನೆಲದಲ್ಲಿ ಮತ್ತೆ ಮತ್ತೆ ಬೆಳೆಯುವಂಥದಲ್ಲವಾದುದರಿಂದ ಬೆಳೆಗಾರ ಪ್ರತಿವರ್ಷವೂ ಹೊಸ ನೆಲವನ್ನು ಹುಡುಕಬೇಕು. ಹಿತ್ತಲಿನಲ್ಲಿ ಮಡಿ ಬದಲಿಸುವ ರೂಢಿಯಾಗಿದ್ದುದು ಇಲ್ಲಿ ಗದ್ದೆಯಿಂದ ಗದ್ದೆಗೆ, ಊರಿಂದ ಊರಿಗೆ ಸಾಗುವ ವಲಸೆಯಾಯಿತು. ಕಾನೂನು ಗೇಣಿಯನ್ನು ಒಪ್ಪದಿದ್ದರೂ ಬಾಯಿಮಾತಿನ ಕರಾರಿನ ಮೇಲೆ ಒಂದು ಹಂಗಾಮಿಗೆ ಗದ್ದೆಗಳು ಕೈಬದಲಾಯಿಸತೊಡಗಿದವು. ಗೇಣಿದಾರನಾಗಿದ್ದು ಒಡೆಯನಾದವನ ಮಗ ಅದೇ ನೆಲವನ್ನು ಹಣಕ್ಕೆ ಇನ್ನೊಬ್ಬನಿಗೆ ಬಿಟ್ಟುಕೊಡುವ ಸ್ಥಿತಿ ಬಂದಿತು. ಬತ್ತದಿಂದ ಬದುಕು ಸಾಗದಾದಾಗ ಅವನು ಹೀಗೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಬತ್ತದ ಗದ್ದೆ ನೀರು ನಿಲ್ಲಿಸುವ ನೆಲ. ಶುಂಠಿಯ ಗದ್ದೆ ನೀರು ಬಸಿಯಬೇಕಾದ ನೆಲ. ಏರುಮಡಿ ಕಟ್ಟಿ ಆಳವಾದ ಬಸಿಗಾಲುವೆ ತೆಗೆದಾಗ ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿಹೋಗುತ್ತದೆ. ರೋಗ, ಕೀಟಗಳ ಭಯದಿಂದ ರಾಸಾಯನಿಕಗಳ ಬಳಕೆ ಹೆಚ್ಚುತ್ತದೆ. ಶುಂಠಿಗೆ ಬಳಕೆಯಾಗುತ್ತಿದ್ದ ಫೋರೇಟ್ ಎಂಬ ತೀವ್ರ ವಿಷದ ಹರಳನ್ನು ಕೇಂದ್ರ ಸರ್ಕಾರ 2018ರ ಆದೇಶದಂತೆ 2020ರ ಅಂತ್ಯದಿಂದ ನಿಷೇಧಿಸಿದೆ. ಬರಿಗೈಯಲ್ಲಿ ವಿಷ ಎರಚಿದ, ಸಿಂಪಡಿಸಿದ ಕೂಲಿಕಾರರ ಚರ್ಮ ಮತ್ತು ಉಸಿರಿನ ಮಾತನ್ನು ಶುಂಠಿಯ ‘ಚರ್ಮಲಾಭ’ಗಳ ಪಟ್ಟಿಗಳು ಎತ್ತುವುದಿಲ್ಲ. ಬೆಲೆಯ ಏರಿಳಿತವೂ ವಿಪರೀತ. 2023ರ ಮಳೆಗಾಲದಲ್ಲಿ 60 ಕೆ.ಜಿ. ಚೀಲದ ದರ ಹಿಂದೆಂದೂ ಕಾಣದ ಎತ್ತರಕ್ಕೇರಿ ಅನಂತರ ಕುಸಿದುದು ಎಲ್ಲರಿಗೂ ತಿಳಿದ ಸಂಗತಿ.

ಸಮಾರೋಪ

ಹಿತ್ತಲ ಶುಂಠಿಯನ್ನು ಹೊಗಳಿ ಗದ್ದೆಯ ಶುಂಠಿಯನ್ನು ತೆಗಳುವುದು ಇಲ್ಲಿಯ ಉದ್ದೇಶವಲ್ಲ. ಸಾಲ ತೀರಿಸಿದ, ಮಕ್ಕಳನ್ನು ಓದಿಸಿದ ಬೆಳೆಯೂ ಅದೇ ಆಗಿದೆ. ಆದರೆ ಒಂದು ವಸ್ತು ಮದ್ದಾಗುವುದು ಅದರ ಗುಣದಿಂದ ಮಾತ್ರವಲ್ಲ. ಎಷ್ಟು, ಯಾವಾಗ, ಯಾರಿಗೆ, ಎಲ್ಲಿ ಬೆಳೆದದ್ದು ಎಂಬ ತಿಳಿವಳಿಕೆಯಿಂದಲೂ ಹೌದು. ಬೆರಳ ಗಿಣ್ಣಿನ ಅಳತೆ, ಬೇಸಿಗೆಯ ನಿಷೇಧ, ಮಡಿ ಬದಲಿಸುವ ರೂಢಿ, ಬಸುರಿಯೆಂದು ಭೂಮಿಯನ್ನು ಕಾಣುವ ಭಾವ ಇವೆಲ್ಲ ಆ ತಿಳಿವಳಿಕೆಯ ರೂಪಗಳು.

ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಇಂದು ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಕೆಳದಿಯಲ್ಲಿ ತಾಳೆಗರಿಗಳನ್ನು ಕಾಪಿಟ್ಟ ವಸ್ತುಸಂಗ್ರಹಾಲಯವಿದೆ. ಗಡ್ಡೆಯನ್ನು ಅರಿಯುವ ಸಂಸ್ಥೆ ಮತ್ತು ಓಲೆಯನ್ನು ಅರಿಯುವ ಸಂಸ್ಥೆ ಎರಡೂ ಒಂದೇ ತಾಲ್ಲೂಕಿನಲ್ಲಿರುವಾಗ, ಬರಹಕ್ಕೆ ಇಳಿಯದೆ ಹಿರಿಯ ಹೆಂಗಸರ ನೆನಪಿನಲ್ಲಿ ಮಾತ್ರ ಉಳಿದಿರುವ ಮನೆಮದ್ದಿನ ಅಳತೆಗಳನ್ನು ಊರೂರು ತಿರುಗಿ ದಾಖಲಿಸುವ ಕೆಲಸ ಅಸಾಧ್ಯವಾದುದೇನಲ್ಲ. ಆ ತಲೆಮಾರು ಮರೆಯಾಗುವ ಮುನ್ನ ಅದು ನಡೆಯಬೇಕಾಗಿದೆ. ಇಲ್ಲವಾದರೆ ಶುಂಠಿ ಎಲ್ಲ ಗದ್ದೆಗಳಲ್ಲೂ ಇದ್ದು, ಅದನ್ನು ಮದ್ದಾಗಿಸುವ ಬಗೆ ಯಾವ ಮನೆಯಲ್ಲೂ ಇಲ್ಲದ ಕಾಲ ಬಂದೀತು.